ಸಭೆಗೆ ಮುಂಚಿನ ಹಾಡು

ದಲಿತ ಚಳವಳಿಯ ಚರಿತ್ರೆ ಬರೆದವರು ಭಾಷಣಗಳನ್ನು ದಾಖಲಿಸಿದ್ದಾರೆ, ನಿರ್ಣಯಗಳನ್ನು ದಾಖಲಿಸಿದ್ದಾರೆ, ಒಡಕುಗಳನ್ನಂತೂ ತಾರೀಖು ಸಮೇತ ದಾಖಲಿಸಿದ್ದಾರೆ. ಆದರೆ ಭಾಷಣಕಾರರ ಬಸ್ಸು ಬರುವ ತನಕ ಬಯಲಲ್ಲಿ ನಿಂತು ಗಂಟೆಗಟ್ಟಲೆ ಹಾಡಿದವರು ಈ ಚರಿತ್ರೆಯೊಳಗೆ ಹೆಚ್ಚಾಗಿ ಕಾಣುವುದಿಲ್ಲ. ಕಂಡರೂ ‘ಕ್ರಾಂತಿಗೀತೆಗಳನ್ನು ಹಾಡಲಾಯಿತು’ ಎಂಬ, ಕರ್ತೃವೇ ಇಲ್ಲದ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತಾರೆ. ಆ ಒಂದು ವಾಕ್ಯವನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಈ ಯೋಚನೆ ಹುಟ್ಟಿದ್ದು ನನ್ನ ತರಗತಿಯಲ್ಲಿ. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ (1975) ಕುರಿತು ಪಾಠ ಮಾಡುತ್ತಿದ್ದೆ. ಪ್ರತಿಮೆ, ರೂಪಕ, ಆಕ್ರೋಶ ಅಂತ ಬೋರ್ಡಿನ ಮೇಲೆ ಬರೆದೂ ಆಗಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ಸಾರ್, ಇವನ್ನ ಹಾಡ್ತಿದ್ರಂತಲ್ಲ, ಹೆಂಗ್ ಹಾಡ್ತಿದ್ರು?’ ಅಂದ. ನನಗೆ ಗೊತ್ತಿರಲಿಲ್ಲ. ಎಂ.ಎ. ಓದಿದ ಎರಡು ವರ್ಷದಲ್ಲಿ ಆ ಸಂಕಲನದ ಮೇಲೆ ನಾನು ಮೂರು ಪ್ರಬಂಧ ಬರೆದಿದ್ದೆ. ಯಾರೂ ಅದನ್ನು ಹಾಡಿ ತೋರಿಸಿರಲಿಲ್ಲ, ನಾನೂ ಕೇಳಿರಲಿಲ್ಲ. ಪುಸ್ತಕದ ಹೆಸರಿನಲ್ಲೇ ‘ಹಾಡು’ ಎಂದಿದ್ದರೂ ವಿಮರ್ಶೆ ಅದನ್ನು ಪದ್ಯವಾಗಿ ಮಾತ್ರ ಓದಿತು ಎಂಬುದು ಸಣ್ಣ ಸಂಗತಿಯಲ್ಲ.

ಒಂದು ಕಾಕತಾಳೀಯದಿಂದ ಶುರು ಮಾಡುತ್ತೇನೆ. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದರು. ಗಲಾಟೆಯಾಯಿತು, ಅವರು ಮಂತ್ರಿಗಿರಿ ಕಳೆದುಕೊಂಡರು. ಆ ಗಲಾಟೆಯಿಂದೆದ್ದ ತರುಣರೂ, ಭದ್ರಾವತಿಯಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರಂಥ ಹಿರಿಯರೂ ಸೇರಿ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು. ಅದೇ 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಸಿಂಡಿ ಕ್ಯಾಂಬೆಲ್ ಎಂಬ ಹುಡುಗಿ, ಶಾಲೆಗೆ ಹೋಗಲು ಹೊಸ ಬಟ್ಟೆ ಬೇಕೆಂದು, ಚಿಲ್ಲರೆ ಕಾಸಿನ ಟಿಕೆಟ್ ಇಟ್ಟು ಒಂದು ಪಾರ್ಟಿ ಮಾಡಿದಳು. ಅವಳಣ್ಣ ಡಿಜೆ ಕೂಲ್ ಹರ್ಕ್ ಒಂದೇ ಹಾಡಿನ ಎರಡು ತಟ್ಟೆಗಳನ್ನಿಟ್ಟುಕೊಂಡು, ಹಾಡುಗಾರಿಕೆ ನಿಂತು ಬರೀ ವಾದ್ಯ ಉಳಿಯುವ ತುಣುಕನ್ನೇ ಮತ್ತೆ ಮತ್ತೆ ನುಡಿಸಿ ಉದ್ದ ಮಾಡುತ್ತಿದ್ದ. ಹಿಪ್‌ಹಾಪ್‌ನ ಹುಟ್ಟನ್ನು ಆ ರಾತ್ರಿಯಿಂದ ಎಣಿಸುತ್ತಾರೆ. ಇವೆರಡರ ನಡುವೆ ಸಂಬಂಧವಿತ್ತು ಎಂದು ನಾನು ಹೇಳುತ್ತಿಲ್ಲ. ಸಭಾಂಗಣ ಸಿಗದ ಜನ ಸದ್ದಿನಿಂದ ಜಾಗ ಮಾಡಿಕೊಳ್ಳುವುದನ್ನು ಎರಡೂ ಕಡೆ ನೋಡಬಹುದು ಎಂಬುದಷ್ಟೇ ನನ್ನ ಮಾತು.

ಹುಡುಗನ ಪ್ರಶ್ನೆ ಹಿಡಿದುಕೊಂಡು ಹಿರಿಯೂರು ತಾಲ್ಲೂಕಿನ ನಮ್ಮ ಯಲ್ಲದಕೆರೆಗೆ ಹೋದೆ. ನಮ್ಮ ದೊಡ್ಡಪ್ಪ ಎಂಬತ್ತರ ದಶಕದಲ್ಲಿ ಸಂಘಟನೆಯ ಹಾಡಿನ ತಂಡದಲ್ಲಿದ್ದವರು. ಅವರ ಹತ್ತಿರ ಎಣ್ಣೆ ಕಲೆಯ ಒಂದು ನೋಟ್‌ಬುಕ್ಕಿದೆ. ಅದರಲ್ಲಿ ಹಾಡುಗಳಿಗಿಂತ ಹೆಚ್ಚಾಗಿ ಹಾಡುಗಳ ವರಸೆ ಇದೆ: ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಪೊಲೀಸ್ ಜೀಪು ಬಂದಾಗ. ಮೊದಲ ಹಾಡು ಯಾಕೆ ಯಾವಾಗಲೂ ಅದೇ ಎಂದು ಕೇಳಿದೆ. ನಲವತ್ತೇಳರ ಸ್ವಾತಂತ್ರ್ಯವನ್ನು ಪ್ರಶ್ನಿಸುವ, ಕರ್ನಾಟಕದಲ್ಲೆಲ್ಲ ಹಬ್ಬಿದ ಸಿದ್ಧಲಿಂಗಯ್ಯನವರ ಆ ಹಾಡನ್ನು ಅವರು ಮೊದಲಿಗಿಟ್ಟಿದ್ದರು. ‘ಅದು ಕೇಳೋ ಹಾಡು ಕಣಪ್ಪ. ನಾವು ಕೇಳಿದ್ರೆ ಜನ ವಾಪಸ್ ಕೇಳ್ತಾರೆ. ಉತ್ರ ಹೇಳೋ ಹಾಡಾಗಿದ್ರೆ ಸುಮ್ನೆ ಕೂತ್ಕಂತಾರೆ’ ಅಂದರು. ಪ್ರಶ್ನೆಯೇ ಪಲ್ಲವಿಯಾದಾಗ ಹಿಮ್ಮೇಳವನ್ನು ಬೇರೆ ಕರೆತರಬೇಕಾಗಿಲ್ಲ, ಬಯಲೇ ಹಿಮ್ಮೇಳವಾಗುತ್ತದೆ. ಛಂದಸ್ಸಿನ ಯಾವ ಪಾಠದಲ್ಲೂ ನನಗೆ ಇದು ಸಿಕ್ಕಿರಲಿಲ್ಲ.

ಆ ಹಾಡು ಇವರ ಬಾಯಲ್ಲಿ ತಯಾರಾದ ರೀತಿಯನ್ನೂ ಗಮನಿಸಬೇಕು. ಅಚ್ಚಾದ ಪದ್ಯ ಕರಪತ್ರದಲ್ಲಿ ಬರುತ್ತಿತ್ತು. ಧಾಟಿಯನ್ನು ಬೇರೆ ತಂಡದವರಿಂದ ಕಿವಿಯಲ್ಲಿ ಹಿಡಿದು ತರುತ್ತಿದ್ದರು. ಅರ್ಧ ಮರೆತಿದ್ದರೆ ಭಜನೆಯ, ಕೋಲಾಟದ ಧಾಟಿಯಿಂದ ತುಂಬಿಸಿಕೊಳ್ಳುತ್ತಿದ್ದರು. ನಾಲಿಗೆಗೆ ಸಿಕ್ಕದ ಪದ ಉದುರುತ್ತಿತ್ತು. ಕೊಡಪಾನದ ಜಗಳವೋ ಕೂಲಿಯ ಜಗಳವೋ ಆದ ಊರಿನ ಹೆಸರು ಒಂದು ನುಡಿಯಾಗಿ ಸೇರುತ್ತಿತ್ತು, ಮುಂದಿನ ಊರಲ್ಲಿ ಅದು ಹೋಗಿ ಇನ್ನೊಂದು ಬರುತ್ತಿತ್ತು. ವಿದ್ವಾಂಸರು ಇದನ್ನು ಪಾಠಾಂತರ ಎನ್ನುತ್ತಾರೆ. ದೊಡ್ಡಪ್ಪ ‘ಊರಿಗೆ ತಕ್ಕಂಗೆ ಕಾಯ್ಸೋದು’ ಅನ್ನುತ್ತಾರೆ. ಆ ಮಾತು ತಮಟೆಯದು. ಚರ್ಮದ ತಮಟೆಯನ್ನು ಹುಲ್ಲಿನ ಬೆಂಕಿಗೆ ಹಿಡಿದು ಬಿಗಿ ಮಾಡಿದರೇ ಅದು ನುಡಿಯುವುದು. ತಣ್ಣಗಾದರೆ ಮತ್ತೆ ಕಾಯಿಸಬೇಕು.

ತಮಟೆಯ ಮಾತು ಬಂದಲ್ಲಿಗೆ ನನ್ನ ಲೇಖನ ತೊಡಕಿಗೆ ಬೀಳುತ್ತದೆ. ನಮ್ಮಪ್ಪ ದೊಡ್ಡಪ್ಪನ ಒಡಹುಟ್ಟಿದ ತಮ್ಮ. ಅವರು ತಮಟೆ ಮುಟ್ಟುವುದಿಲ್ಲ. ನಾನು ನೋಟ್‌ಬುಕ್ಕಿನ ಜೊತೆ ದೊಡ್ಡಪ್ಪನ ತಮಟೆಯನ್ನೂ ಮನೆಗೆ ತಂದ ದಿನ, ‘ಅದ್ನ ಹೊರಗಿಡು. ನಮ್ಮಪ್ಪ ಹೆಣದ ಮುಂದೆ, ಮಾರಿ ಮುಂದೆ ಬಡ್ದು ಬಡ್ದು ಕೈ ಬಾತಿದ್ದು ನಾನ್ ನೋಡಿದೀನಿ. ಕೂಲಿ ಏನ್ ಕೊಡೋರು? ಉಳಿದ ಮುದ್ದೆ’ ಅಂದರು. ಅವರದು ಕೀಳರಿಮೆ ಎಂದು ಯಾರಾದರೂ ಬರೆದರೆ ಅದು ಸುಳ್ಳು. ಊರ ಹಬ್ಬದಲ್ಲಿ, ಸಾವಿನಲ್ಲಿ, ಸಾರುವುದರಲ್ಲಿ ತಮಟೆ ಕೇರಿಯ ಮೇಲೆ ಹೇರಿದ ಬಿಟ್ಟಿಯಾಗಿತ್ತು. ಅದನ್ನು ಬಿಡುವುದೇ ಬಿಡುಗಡೆಯೆಂದು ತಿಳಿದ ತಲೆಮಾರೊಂದಿದೆ. ಅದೇ ವಾದ್ಯವನ್ನು ಮೆರವಣಿಗೆಯ ಮುಂದೆ ಹಿಡಿದು ಅದರ ಅರ್ಥ ಬದಲಾಯಿಸಹೊರಟ ಚಳವಳಿಯೂ ಇದೆ. ಒಂದೇ ಮನೆಯ ಅಣ್ಣತಮ್ಮಂದಿರಲ್ಲಿ ಇವೆರಡೂ ಇವೆ. ‘ಪ್ರತಿರೋಧದ ವಾದ್ಯ’ ಎಂದು ಸಲೀಸಾಗಿ ಬರೆಯುವ ನಮ್ಮ ಸಂಸ್ಕೃತಿ ಅಧ್ಯಯನ ಅಪ್ಪನ ಬಾತ ಕೈಯ ನೆನಪಿಗೆ ಉತ್ತರ ಕೊಡಬೇಕಾಗುತ್ತದೆ.

ಹೊರಗಿನ ಎರಡು ನಿದರ್ಶನಗಳು ನನಗೆ ಇಲ್ಲಿ ನೆರವಾದವು. ಅಮೆರಿಕದ ಕಪ್ಪು ಜನರ ರ‍್ಯಾಪ್ ತಂಡ ಪಬ್ಲಿಕ್ ಎನಿಮಿ 1988ರಲ್ಲಿ ತಂದ ‘ಇಟ್ ಟೇಕ್ಸ್ ಎ ನೇಷನ್ ಆಫ್ ಮಿಲಿಯನ್ಸ್ ಟು ಹೋಲ್ಡ್ ಅಸ್ ಬ್ಯಾಕ್’ ಆಲ್ಬಮ್ಮಿನ ಮೊದಲ ತುಣುಕಿನ ಹೆಸರು ‘ಕೌಂಟ್‌ಡೌನ್ ಟು ಆರ್ಮಗೆಡ್ಡಾನ್’. ಅದು ಹಾಡೇ ಅಲ್ಲ. 1987ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್‌ನಲ್ಲಿ ನಡೆದ ಕಾರ್ಯಕ್ರಮದ ಆರಂಭ ಅದು: ನಿರೂಪಕನ ಕೂಗು, ಸೈರನ್, ಜನರ ಗದ್ದಲ. ಸ್ಟುಡಿಯೋದಲ್ಲಿ ಸಿದ್ಧವಾದ ಆಲ್ಬಂ ತನ್ನ ಬಾಗಿಲಲ್ಲೇ ಬಯಲಿನ ಸದ್ದನ್ನಿಟ್ಟುಕೊಂಡಿತು. ಒಬ್ಬನೇ ಕೋಣೆಯಲ್ಲಿ ಕೇಳುವವನಿಗೂ ನೀನು ಗುಂಪಿನಲ್ಲಿದ್ದೀಯ ಎಂದು ಮೊದಲು ಹೇಳಿ, ಆಮೇಲೆ ಹಾಡುತ್ತದೆ. ನಮ್ಮ ಚಳವಳಿಯ ಪುಸ್ತಕಗಳಲ್ಲಿ ಇಂಥ ಬಾಗಿಲು ಇರಲಿಲ್ಲ. ಪದ್ಯ ಅಚ್ಚಾಯಿತು, ಬಯಲು ಹೊರಗುಳಿಯಿತು.

ಇನ್ನೊಂದು ಹತ್ತಿರದ್ದು. ಪಾ. ರಂಜಿತ್ ಮತ್ತು ಸಂಗೀತಗಾರ ಟೆನ್ಮಾ ಮುಂದಾಗಿ ಕಟ್ಟಿದ ‘ದಿ ಕ್ಯಾಸ್ಟ್‌ಲೆಸ್ ಕಲೆಕ್ಟಿವ್’ 2018ರ ಜನವರಿಯಲ್ಲಿ ಚೆನ್ನೈಯಲ್ಲಿ ಮೊದಲು ವೇದಿಕೆ ಏರಿತು. ಅಯೋತ್ತಿದಾಸರ (1845–1914) ‘ಜಾತಿಯಿಲ್ಲದ ತಮಿಳರು’ ಎಂಬ ಮಾತಿನಿಂದ ಅದರ ಹೆಸರು ಬಂದಿದೆ. ಸಾವಿನ ಮನೆಯ ವಾದ್ಯವೆಂದು ದೂರವಿಟ್ಟಿದ್ದ ಪರೈ, ಉತ್ತರ ಚೆನ್ನೈಯ ಗಾನಾ, ರ‍್ಯಾಪ್ ಒಟ್ಟಿಗೆ ನಿಂತವು. ಗಂಡಸರದೇ ಆಗಿದ್ದ ಗಾನಾವನ್ನು ಇಸೈವಾಣಿ ಎಂಬ ಹೆಣ್ಣುಮಗಳು ಅಲ್ಲಿ ಹಾಡಿದಳು. ದೊಡ್ಡಪ್ಪನ ನೋಟ್‌ಬುಕ್ಕಿನಲ್ಲಿ ಒಂದೂ ಹೆಂಗಸಿನ ಹೆಸರಿಲ್ಲ. ಕೇಳಿದ್ದಕ್ಕೆ ದೊಡ್ಡಮ್ಮ ಒಳಗಿನಿಂದಲೇ, ‘ಹಿಂದೆ ಸೊಲ್ಲು ಎತ್ತಿದೋರು ಯಾರು ಮತ್ತೆ?’ ಎಂದರು. ಕರ್ತೃವಿಲ್ಲದ ಆ ವಾಕ್ಯದೊಳಗೆ ಇನ್ನೊಂದು ಅಳಿಸಿದ ಸಾಲಿದೆ ಎಂದು ಆಗ ತಿಳಿಯಿತು.

ಈ ವರ್ಷ ನನ್ನ ನಾಲ್ವರು ವಿದ್ಯಾರ್ಥಿಗಳು ಫೋನಿನಲ್ಲೇ ಐದು ಹಾಡುಗಳ ಒಂದು ರ‍್ಯಾಪ್ ಆಲ್ಬಂ ಮಾಡಿದರು. ಮೊದಲ ತುಣುಕಿಗೆ ಅವರು ಯಲ್ಲದಕೆರೆಗೆ ಬಂದು, ದೊಡ್ಡಪ್ಪ ತಮಟೆ ಕಾಯಿಸುವ ಸದ್ದನ್ನು ಹಿಡಿದುಕೊಂಡರು: ಹುಲ್ಲು ಉರಿಯುವುದು, ಕೆಮ್ಮು, ಬೆರಳಲ್ಲಿ ಚರ್ಮವನ್ನು ತಟ್ಟಿ ನೋಡುವುದು. ಅದರ ಮೇಲೆ ದೊಡ್ಡಮ್ಮನ ಒಂದು ಸೊಲ್ಲು. ಅಲ್ಲಿಂದ ಹುಡುಗಿಯೊಬ್ಬಳ ರ‍್ಯಾಪ್ ಶುರು. ಏಪ್ರಿಲ್ 14ರಂದು ಬಯಲಲ್ಲಿ ಇದನ್ನು ನುಡಿಸಿದಾಗ ಸ್ಪೀಕರಿನ ಬೆಂಕಿಯ ಸದ್ದಿಗೆ ಜನ ತಿರುಗಿ ನೋಡಿದರು, ಎಲ್ಲೂ ಬೆಂಕಿ ಇರಲಿಲ್ಲ. ತಮಟೆ ಬಾರಿಸಲು ಇಷ್ಟವಿಲ್ಲವೆಂದ ಹುಡುಗನೊಬ್ಬ ತಂಡದಲ್ಲಿದ್ದ. ಅವನು ಕೈ ಕಟ್ಟಿಕೊಂಡು ಅವರ ಜೊತೆಯಲ್ಲೇ ನಿಂತಿದ್ದ. ಯಾರೂ ಅವನನ್ನು ಒತ್ತಾಯ ಮಾಡಲಿಲ್ಲ.

ಬಿಟ್ಟಿಗೂ ಹೋರಾಟಕ್ಕೂ ವ್ಯತ್ಯಾಸ ನನಗೆ ಸ್ಪಷ್ಟವಾದದ್ದು ಆ ಕಟ್ಟಿದ ಕೈಗಳಲ್ಲಿ. ಅಜ್ಜನಿಗೆ ‘ಒಲ್ಲೆ’ ಎನ್ನುವ ಅವಕಾಶವಿರಲಿಲ್ಲ. ವಾದ್ಯದ ಅರ್ಥ ಬದಲಾಗುವುದು ಅದನ್ನು ಹೊಗಳುವುದರಿಂದಲ್ಲ. ಬಾರಿಸುವ ಹಕ್ಕಿನಷ್ಟೇ ಬಾರಿಸದಿರುವ ಹಕ್ಕೂ ಬಾರಿಸುವವನ ಕೈಗೆ ಬಂದಾಗ. ದಲಿತ ವಿಮರ್ಶೆ ಹಾಡನ್ನು ಓದುವಾಗ ಈ ಎರಡನ್ನೂ ಕೇಳಿಸಿಕೊಳ್ಳಬೇಕು: ಯಾರು ಶುರು ಮಾಡಿದರು, ಯಾರು ಒಲ್ಲೆ ಎಂದರು.

ತಮಟೆ ಈಗ ನಮ್ಮ ಮನೆಯ ಜಗುಲಿಯಲ್ಲಿದೆ. ಅಪ್ಪ ಒಳಗೆ ಬಿಟ್ಟಿಲ್ಲ, ಎಸೆದೂ ಇಲ್ಲ. ಮಳೆ ಬಂದ ರಾತ್ರಿ ಅದರ ಮೇಲೆ ಗೋಣಿಚೀಲ ಹೊದಿಸಿದ್ದು ಅವರೇ.