ನಾಯಿ ಕರ್ಕೊಂಡು ಬೆಂಗಳೂರಿಗೆ ಹೊಂಟೀರಿ? ಚುಚ್ಚುಮದ್ದು, ಬಸ್, ರೈಲು: ಮೊದಲು ಇಷ್ಟು ತಿಳ್ಕೊಳ್ರಿ

ಗದಗ: ಸಾಲಿ ಸೂಟಿ ಬಿದ್ದ ಕೂಡಲೇ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಎಷ್ಟೋ ಮನೆಗಳಲ್ಲಿ ಬೆಂಗಳೂರಿನ ತಯಾರಿ ಶುರುವಾಗುತ್ತದೆ. ಮಗನೋ ಮಗಳೋ ಅಲ್ಲಿ ನೌಕರಿಯಲ್ಲಿರುತ್ತಾರೆ, ಹದಿನೈದು ದಿನ ಇದ್ದು ಬರೋಣ ಎಂದು ಲೆಕ್ಕ. ಬ್ಯಾಗ್ ತುಂಬಿ, ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಎಲ್ಲ ಮುಗಿದ ಮೇಲೆ ಬಾಗಿಲಲ್ಲಿ ಬಾಲ ಅಲ್ಲಾಡಿಸುತ್ತ ನಿಂತದ್ದು ಕಣ್ಣಿಗೆ ಬೀಳುತ್ತದೆ. ‘ಇದನ್ನ ಏನ್ ಮಾಡೂದು?’

ಈ ಪ್ರಶ್ನೆಯನ್ನು ಹೊರಡುವ ದಿನ ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ. ನಾಯಿಯನ್ನು ಪಟ್ಟಣಕ್ಕೆ ಒಯ್ಯುವುದಾದರೆ ಕನಿಷ್ಠ ಒಂದು ತಿಂಗಳು ಮೊದಲೇ ತಯಾರಿ ಬೇಕು.

ಮೊದಲು ಚುಚ್ಚುಮದ್ದು, ಆಮೇಲೆ ಟಿಕೆಟ್

ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಮನುಷ್ಯನಾಗಲಿ, ನಾಯಿಯಾಗಲಿ ಬದುಕಿ ಉಳಿಯುವುದು ಇಲ್ಲವೆಂದೇ ಹೇಳಬೇಕು. ಮನೆಯ ನಾಯಿಗೆ ಮೂರು ತಿಂಗಳು ತುಂಬಿದಾಗ ಮೊದಲ ರೇಬೀಸ್ ಲಸಿಕೆ, ನಂತರ ವೈದ್ಯರು ಹೇಳಿದಂತೆ ಬೂಸ್ಟರ್, ಆಮೇಲೆ ವರ್ಷ ವರ್ಷವೂ ಹಾಕಿಸುವುದು ರೂಢಿ. ಹಲವರು ತಪ್ಪುವುದು ಇಲ್ಲಿಯೇ. ಮೊದಲ ಸಲ ಲಸಿಕೆ ಹಾಕಿಸಿದ ಮರುದಿನವೇ ನಾಯಿಗೆ ರಕ್ಷಣೆ ಬಂದುಬಿಡುವುದಿಲ್ಲ. ಮೈಯಲ್ಲಿ ಶಕ್ತಿ ಕೂಡಲು ಮೂರು ವಾರವಾದರೂ ಬೇಕು. ನಾಳೆ ಗಾಡಿ ಹತ್ತುವುದಿದೆ ಎಂದು ಇವತ್ತು ಸೂಜಿ ಹಾಕಿಸಿದರೆ ಕಾರ್ಡಿನ ಮೇಲೆ ಸೀಲ್ ಬೀಳುತ್ತದೆ, ಅಷ್ಟೇ.

ಗದಗ ಹಾಗೂ ತಾಲ್ಲೂಕು ಕೇಂದ್ರಗಳ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ವಿಚಾರಿಸಬಹುದು. ಪಶು ಸಹಾಯವಾಣಿ ಸಂಖ್ಯೆ 1962. ಲಸಿಕೆ ಕಾರ್ಡಿನಲ್ಲಿ ನಾಯಿಯ ಹೆಸರು, ವಯಸ್ಸು, ಬಣ್ಣ, ಲಸಿಕೆ ಬಾಟಲಿಯ ಚೀಟಿ, ಮುಂದಿನ ತಾರೀಖು, ವೈದ್ಯರ ಸಹಿ ಇವೆಯೇ ಎಂದು ಅಲ್ಲಿಯೇ ನಿಂತು ನೋಡಿಕೊಳ್ಳಿ. ಸಣ್ಣ ಮರಿಯಾದರೆ ಪಾರ್ವೋ, ಡಿಸ್ಟೆಂಪರ್ ಲಸಿಕೆಯೂ ಪೂರ್ತಿ ಆಗಿರಬೇಕು. ಪಟ್ಟಣದ ಪಾರ್ಕಿನಲ್ಲಿ ನೂರು ನಾಯಿ ಮೂಸಿದ ಹುಲ್ಲನ್ನೇ ನಿಮ್ಮ ಮರಿಯೂ ಮೂಸುತ್ತದೆ.

ಇನ್ನೊಂದು ಕಾಗದ ಆರೋಗ್ಯ ಪ್ರಮಾಣಪತ್ರ. ನಾಯಿ ಪ್ರಯಾಣಕ್ಕೆ ಯೋಗ್ಯವಾಗಿದೆ ಎಂದು ಪಶುವೈದ್ಯರು ಬರೆದುಕೊಡುವ ಈ ಪತ್ರ 1978ರ ಪ್ರಾಣಿ ಸಾಗಣೆ ನಿಯಮಗಳ ಪ್ರಕಾರ ಬೇಕಾದದ್ದು. ಇದನ್ನು ಹೊರಡುವುದಕ್ಕೆ ಒಂದೆರಡು ದಿನ ಇರುವಾಗ ಮಾಡಿಸಿದರೆ ಸರಿ. ಗಬ್ಬದ ನಾಯಿ, ಜ್ವರ ಬಂದ ನಾಯಿ, ಹಣ್ಣು ಮುದುಕ ನಾಯಿ ಇದ್ದರೆ ಒಯ್ಯುವ ವಿಚಾರವನ್ನೇ ಬಿಡುವುದು ಚಲೋ.

ಕೆಂಪು ಬಸ್ಸಿಗೆ ಅವಕಾಶ, ಸ್ಲೀಪರ್‌ಗೆ ಇಲ್ಲ

ಕೆಎಸ್‌ಆರ್‌ಟಿಸಿಯಲ್ಲಿ ಮೊದಲು ನಾಯಿಗೆ ದೊಡ್ಡವರ ಪೂರ್ತಿ ಟಿಕೆಟ್ ಇತ್ತು. 2022ರಲ್ಲಿ ಅದನ್ನು ಅರ್ಧ ಟಿಕೆಟ್‌ಗೆ ಇಳಿಸಲಾಯಿತು. ಆದರೆ ಈ ಅವಕಾಶ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಿಗೆ ಮಾತ್ರ. ರಾಜಹಂಸ, ಐರಾವತ, ಸ್ಲೀಪರ್‌ನಂಥ ಬಸ್ಸುಗಳಲ್ಲಿ ನಾಯಿ ಹತ್ತಿಸುವಂತಿಲ್ಲ. ನಮ್ಮ ಕಡೆಯವರಿಗೆ ತೊಡಕು ಇರುವುದೇ ಇಲ್ಲಿ: ರಾತ್ರಿ ಮಲಗಿ ಬೆಳಿಗ್ಗೆ ಬೆಂಗಳೂರಿನಲ್ಲಿ ಏಳಬೇಕು ಎನ್ನುವವರಿಗೆ ಬೇಕಾದ ಬಸ್ಸೇ ನಾಯಿಗೆ ಇಲ್ಲ. ಸಾದಾ ಬಸ್ಸಿನಲ್ಲಿ ಅಷ್ಟು ದೂರ, ಕಾಲಬುಡದಲ್ಲಿ ನಾಯಿ ಕೂರಿಸಿಕೊಂಡು ಹೋಗಬೇಕು.

ನಮ್ಮ ಭಾಗದಲ್ಲಿ ಓಡುವುದು ವಾಯವ್ಯ ಸಾರಿಗೆ ಬಸ್ಸು. ಅದು ಬೇರೆ ನಿಗಮ. ಆದ್ದರಿಂದ ಹೊರಡುವ ಮುನ್ನಾದಿನ ನಿಲ್ದಾಣದ ಕಂಟ್ರೋಲರ್ ಹತ್ತಿರ ಯಾವ ಬಸ್ಸಿಗೆ ಬಿಡುತ್ತಾರೆ, ಎಷ್ಟು ಟಿಕೆಟ್ ಎಂದು ಕೇಳಿಟ್ಟುಕೊಳ್ಳಿ. ಬಾಗಿಲಲ್ಲಿ ನಿಂತು ಕಂಡಕ್ಟರ್ ಜೊತೆ ವಾದ ಮಾಡುವುದಕ್ಕಿಂತ ಇದು ಹಗುರ. ಯಾವ ಬಸ್ಸಾದರೂ ಕೊರಳಪಟ್ಟಿ, ಸರಪಳಿ ಇರಲೇಬೇಕು, ಮತ್ತು ಪಕ್ಕದವರಿಗೆ ಏನಾದರೂ ಆದರೆ ಹೊಣೆ ನಾಯಿ ಮಾಲೀಕರದು.

‘ಶಕ್ತಿ’ ಯೋಜನೆ ಅವ್ವನಿಗೆ, ಅಕ್ಕನಿಗೆ. ಅವರ ಕೈಯಲ್ಲಿರುವ ನಾಯಿಗೆ ಅಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟಿದ್ದ ಅಜ್ಜಿ-ಮೊಮ್ಮಗಳಿಗೆ ಶಕ್ತಿಯಲ್ಲಿ ಶೂನ್ಯ ಟಿಕೆಟ್ ಸಿಕ್ಕಿತು, ಅವರ ಪಂಜರದಲ್ಲಿದ್ದ ನಾಲ್ಕು ಲವ್‌ಬರ್ಡ್ಸ್‌ಗೆ ತಲಾ 111ರಂತೆ 444 ರೂಪಾಯಿ ಟಿಕೆಟ್ ಹರಿಯಲಾಯಿತು. ಆ ಟಿಕೆಟ್‌ನ ಫೋಟೊ ರಾಜ್ಯದ ತುಂಬ ಓಡಾಡಿದ್ದು ಹಲವರಿಗೆ ನೆನಪಿರಬಹುದು. ನಕ್ಕು ಬಿಡುವ ಸುದ್ದಿಯೇ ಆದರೂ, ನಾಯಿಯ ಟಿಕೆಟ್‌ಗೆ ಬೇರೆ ದುಡ್ಡು ತೆಗೆದಿಡಬೇಕು ಎನ್ನುವುದು ಅದರಿಂದ ತಿಳಿಯುತ್ತದೆ.

ಖಾಸಗಿ ಬಸ್ಸಿನವರು ಅವರವರ ಮರ್ಜಿ. ಕೆಲವರು ‘ಕೆಳಗ ಡಿಕ್ಕಿಯೊಳಗ ಹಾಕ್ರಿ, ಏನಾಗೂದಿಲ್ಲ’ ಎನ್ನಬಹುದು. ಯಾವ ಕಾರಣಕ್ಕೂ ಹಾಕಬೇಡಿ. ಸಾಮಾನಿನ ಡಿಕ್ಕಿಯಲ್ಲಿ ಗಾಳಿ ಆಡುವುದಿಲ್ಲ, ಬಿಸಿ, ಹೊಗೆ ಎರಡೂ ಇರುತ್ತವೆ. ನಾಯಿ ಮನುಷ್ಯನಂತೆ ಮೈಯೆಲ್ಲ ಬೆವರಿ ತಂಪಾಗುವ ಪ್ರಾಣಿಯಲ್ಲ, ನಾಲಿಗೆ ಚಾಚಿ ತೇಕುವುದೇ ಅದಕ್ಕೆ ದಾರಿ. ಅಲ್ಲಿ ಅದಕ್ಕೂ ಗಾಳಿ ಸಾಲದು.

ರೈಲಿನಲ್ಲಿ ಎರಡೇ ದಾರಿ

ಗದಗ ಜಂಕ್ಷನ್‌ನಿಂದ ಬೆಂಗಳೂರಿಗೆ ಹಂಪಿ ಎಕ್ಸ್‌ಪ್ರೆಸ್, ಗೋಳಗುಮ್ಮಟ ಎಕ್ಸ್‌ಪ್ರೆಸ್ ನಮ್ಮ ಜನ ಹೆಚ್ಚು ಹಿಡಿಯುವ ಗಾಡಿಗಳು. ನಾಯಿಯ ಮಟ್ಟಿಗೆ ರೈಲ್ವೆ ನಿಯಮ ಸ್ಪಷ್ಟ ಇದೆ. ಸ್ಲೀಪರ್, ಜನರಲ್, ತ್ರೀ ಟೈರ್, ಟು ಟೈರ್, ಚೇರ್ ಕಾರ್ ಯಾವುದರಲ್ಲೂ ದೊಡ್ಡ ನಾಯಿ ಒಯ್ಯುವಂತಿಲ್ಲ.

ಒಂದು ದಾರಿ, ಫಸ್ಟ್ ಎಸಿ. ಅಲ್ಲಿ ಇಬ್ಬರ ಕೂಪೆ ಅಥವಾ ನಾಲ್ವರ ಕೋಣೆ ಪೂರ್ತಿ ನಿಮ್ಮದೇ ಆಗಿದ್ದರೆ ನಾಯಿ ನಿಮ್ಮ ಜೊತೆಯಲ್ಲೇ ಬರಬಹುದು. 60 ಕಿಲೊ ಲಗೇಜ್ ಲೆಕ್ಕದಲ್ಲಿ ಶುಲ್ಕ ಹಿಡಿಯುತ್ತಾರೆ. ನೀವು ಹೋಗುವ ಗಾಡಿಗೆ ಫಸ್ಟ್ ಎಸಿ ಬೋಗಿ ಇದೆಯೇ ಎಂದು ಮೊದಲು ನೋಡಬೇಕು, ಆಮೇಲೆ ಕೂಪೆಯೇ ಬೇಕೆಂದು ಅರ್ಜಿ ಕೊಡಬೇಕು. ಟಿಕೆಟ್ ಬುಕ್ ಆದ ಮಾತ್ರಕ್ಕೆ ಕೂಪೆ ಸಿಕ್ಕಂತಲ್ಲ. ಚಾರ್ಟ್ ತಯಾರಾದ ಮೇಲೆಯೇ ಖಾತ್ರಿ. ಬೇರೆ ಪ್ರಯಾಣಿಕರ ಜೊತೆ ಕೋಣೆ ಹಂಚಿ ಬಂದು ಅವರು ತಕರಾರು ತೆಗೆದರೆ ನಾಯಿಯನ್ನು ಗಾರ್ಡ್ ಬೋಗಿಗೆ ಸಾಗಿಸಬೇಕಾಗುತ್ತದೆ, ಕಟ್ಟಿದ ದುಡ್ಡೂ ಮರಳುವುದಿಲ್ಲ.

ಎರಡನೆಯದು ಆ ಗಾರ್ಡ್ ಬೋಗಿಯೇ. ಅಲ್ಲಿನ ಬ್ರೇಕ್ ವ್ಯಾನ್‌ನಲ್ಲಿ ನಾಯಿಗೆಂದು ಒಂದು ಪೆಟ್ಟಿಗೆ ಇರುತ್ತದೆ. 30 ಕಿಲೊ ಲೆಕ್ಕದಲ್ಲಿ ಶುಲ್ಕ. ಅಗ್ಗ ಹೌದು. ಆದರೆ ರಾತ್ರಿಯೆಲ್ಲ ಕತ್ತಲಲ್ಲಿ, ಚಕ್ರದ ಸದ್ದಿನಲ್ಲಿ, ಪರಿಚಯದ ಮುಖವಿಲ್ಲದೆ ನಾಯಿ ಒಂದೇ ಇರಬೇಕು. ಊಟ, ನೀರಿನ ಜವಾಬ್ದಾರಿ ಮಾಲೀಕರದೇ, ಅಂದರೆ ಗಾಡಿ ಹೆಚ್ಚು ಹೊತ್ತು ನಿಲ್ಲುವ ಕಡೆ ಇಳಿದು ಓಡಬೇಕು. ಬೇಸಿಗೆಯಲ್ಲಿ ನಾಲ್ಕು ತಾಸಿಗೊಮ್ಮೆ, ಚಳಿಗಾಲದಲ್ಲಿ ಆರು ತಾಸಿಗೊಮ್ಮೆಯಾದರೂ ನೀರು ಕೊಡಬೇಕು ಎಂದು ಸಾಗಣೆ ನಿಯಮವೇ ಹೇಳುತ್ತದೆ. ಮನೆಯೊಳಗೆ ಬೆಳೆದ ಅಂಜುಬುರುಕ ನಾಯಿಗೆ ಈ ದಾರಿ ಬೇಡ.

ಬುಟ್ಟಿಯಲ್ಲಿ ಹಿಡಿಸುವ ಸಣ್ಣ ಮರಿಗೆ ಮಾತ್ರ ವಿನಾಯಿತಿ ಇದೆ. ಶುಲ್ಕ ಕಟ್ಟಿ ಯಾವ ದರ್ಜೆಯಲ್ಲಾದರೂ ಒಯ್ಯಬಹುದು. ಬುಕ್ ಮಾಡದೆ ಶಾಲಿನೊಳಗೆ ಮುಚ್ಚಿ ಒಯ್ದು ಸಿಕ್ಕಿಬಿದ್ದರೆ ಆರು ಪಟ್ಟು ವಸೂಲಿ.

ಲಕ್ಷ್ಮೇಶ್ವರದವರು ಸಾಮಾನ್ಯವಾಗಿ ಯಲವಿಗಿಯಲ್ಲಿ ರೈಲು ಹತ್ತುತ್ತಾರೆ. ನಾಯಿ ಇದ್ದರೆ ಅಲ್ಲಿ ಬೇಡ, ಹುಬ್ಬಳ್ಳಿಗೋ ಗದಗಿಗೋ ಬರುವುದೇ ಅನುಕೂಲ. ಒಂದೆರಡು ನಿಮಿಷ ನಿಲ್ಲುವ ಕಡೆ ಬ್ರೇಕ್ ವ್ಯಾನ್ ತೆಗೆಸಿ ನಾಯಿ ಹತ್ತಿಸುವುದು ಆಗದ ಮಾತು. ಮುಂಡರಗಿ, ಶಿರಹಟ್ಟಿಯವರಿಗೂ ಗದಗೇ ಸರಿ. ಎರಡು-ಮೂರು ತಾಸು ಮೊದಲೇ ಲಗೇಜ್ ಕಚೇರಿಗೆ ಹೋಗಬೇಕು.

ವಿಮಾನದ ಮಾತು ಬೇಗ ಮುಗಿಯುತ್ತದೆ. ಹುಬ್ಬಳ್ಳಿಯಿಂದ ಹಾರುವ ಇಂಡಿಗೋ ಸಾಕುಪ್ರಾಣಿಗಳನ್ನು ಒಯ್ಯುವುದಿಲ್ಲ.

ಸ್ವಂತ ಕಾರು ಇದ್ದವರಿಗೆ

ಇದ್ದುದರಲ್ಲಿ ನಾಯಿಗೆ ಸುಖ ಕಾರಿನದೇ. ಹೊರಡುವುದಕ್ಕೆ ಮೂರು-ನಾಲ್ಕು ತಾಸು ಮೊದಲು ಸ್ವಲ್ಪವೇ ತಿನ್ನಿಸಿ, ಹೊಟ್ಟೆ ತುಂಬಿದ್ದರೆ ಸವಣೂರು ದಾಟುವುದರೊಳಗೆ ಸೀಟೆಲ್ಲ ವಾಂತಿ. ಒಮ್ಮೆಯೂ ಕಾರು ಹತ್ತದ ನಾಯಿಯನ್ನು ಒಂದು ವಾರ ಮೊದಲು ಊರೊಳಗೆ ಸುತ್ತಾಡಿಸಿ ರೂಢಿ ಮಾಡಿಸಬೇಕು. ಹೆದ್ದಾರಿಯಲ್ಲಿ ಎರಡು ತಾಸಿಗೊಮ್ಮೆ ನಿಲ್ಲಿಸಿ, ಆದರೆ ಬಾಗಿಲು ತೆಗೆಯುವ ಮೊದಲು ಸರಪಳಿ ನಿಮ್ಮ ಕೈಯಲ್ಲಿರಲಿ.

‘ಹತ್ತು ನಿಮಿಷ ಊಟ ಮಾಡಿ ಬರ್ತೀವಿ’ ಎಂದು ಗಾಜು ಏರಿಸಿ ನಾಯಿಯನ್ನು ಒಳಗೇ ಬಿಟ್ಟು ಹೋಗುವುದು ಕೊಂದಂತೆಯೇ. ಹೊರಗೆ 30 ಡಿಗ್ರಿ ಇದ್ದರೂ ಮುಚ್ಚಿದ ಕಾರಿನೊಳಗೆ ಅರ್ಧ ತಾಸಿನಲ್ಲಿ 40 ದಾಟುತ್ತದೆ. ನಮ್ಮ ಏಪ್ರಿಲ್, ಮೇ ಬಿಸಿಲಿನಲ್ಲಿ ಕೇಳುವುದೇ ಬೇಡ. ಇಬ್ಬರು ಊಟಕ್ಕೆ ಹೋದರೆ ಒಬ್ಬರು ನಾಯಿಯ ಜೊತೆ ನೆರಳಲ್ಲಿರಲಿ.

ಢಾಬಾದ ಊಟ ಹಾಕಬೇಡಿ. ಉಳ್ಳಾಗಡ್ಡಿ ನಾಯಿಗೆ ವಿಷ, ಚಾಕೊಲೇಟ್, ಒಣದ್ರಾಕ್ಷಿ ಕೂಡ. ಮನೆಯಲ್ಲಿ ರೊಟ್ಟಿ-ಹಾಲು ತಿಂದು ಬೆಳೆದದ್ದಕ್ಕೆ ರೊಟ್ಟಿಯನ್ನೇ ಕಟ್ಟಿಕೊಂಡು ಹೋಗಿ. ಪಟ್ಟಣ ಮುಟ್ಟಿದ ದಿನವೇ ಪ್ಯಾಕೆಟ್ ಆಹಾರ ಶುರು ಮಾಡಿದರೆ ಹೊಟ್ಟೆ ಕೆಡುತ್ತದೆ.

ಮುಧೋಳ ನಾಯಿಯ ಕೊರಳು

ನಮ್ಮ ಭಾಗದಲ್ಲಿ ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿಯ ನಾಯಿ ಸಾಕುವವರು ಬಹಳ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ತಳಿ ಇದು. ಇದರ ತಲೆ ಉದ್ದ, ಸಪೂರ. ಕೊರಳು ಹೆಚ್ಚುಕಡಿಮೆ ತಲೆಯಷ್ಟೇ ದಪ್ಪ. ಬೆದರಿ ಹಿಂದಕ್ಕೆ ಜಗ್ಗಿತೆಂದರೆ ಸಾಮಾನ್ಯ ಕೊರಳಪಟ್ಟಿ ಸರಕ್ಕನೆ ಕಳಚಿಬರುತ್ತದೆ. ಹೊಲದಲ್ಲಿ ಹಾಗಾದರೆ ಸಂಜೆಗೆ ಮನೆಗೆ ಬಂದೀತು. ಮೆಜೆಸ್ಟಿಕ್‌ನಲ್ಲಿ ಹಾಗಾದರೆ? ಕಣ್ಣಿಗೆ ಬಿದ್ದದ್ದರ ಬೆನ್ನು ಹತ್ತುವುದು ಅದರ ರಕ್ತದಲ್ಲೇ ಇದೆ, ಬೆಕ್ಕೋ ಸ್ಕೂಟರೋ ಕಂಡರೆ ಕೂಗಿದರೂ ನಿಲ್ಲುವುದಿಲ್ಲ. ಇಂಥ ನಾಯಿಗೆ ಎದೆಗೆ ಸುತ್ತಿ ಕಟ್ಟುವ ಹಾರ್ನೆಸ್ ಬೇಕು.

ಯಾವ ತಳಿಯಾದರೂ ಕೊರಳಲ್ಲಿ ಹೆಸರು, ಫೋನ್ ನಂಬರ್ ಇರುವ ಬಿಲ್ಲೆ ಕಡ್ಡಾಯವೆಂದೇ ತಿಳಿಯಿರಿ. ಬೆಂಗಳೂರಿನಲ್ಲಿರುವ ನೆಂಟರ ನಂಬರ್ ಕೂಡ ಇದ್ದರೆ ಇನ್ನೂ ಚಲೋ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್, ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ಹಿಡಿದು ಆಶ್ರಯ ತಾಣಕ್ಕೆ ಸಾಗಿಸಬೇಕು, ಅದೇ ಜಾಗಕ್ಕೆ ಮರಳಿ ಬಿಡಬಾರದು ಎಂದು ಆದೇಶಿಸಿದೆ. ನಿಲ್ದಾಣದಲ್ಲಿ ತಪ್ಪಿಸಿಕೊಂಡ, ಬಿಲ್ಲೆ ಇಲ್ಲದ ನಾಟಿ ನಾಯಿ ನಿಮ್ಮ ಮನೆಯದೆಂದು ಹಿಡಿಯುವವರಿಗೆ ತಿಳಿಯುವುದು ಹೇಗೆ? ಎಡ, ಬಲ, ಎದುರಿನಿಂದ ನಾಲ್ಕು ಫೋಟೊ ಮೊಬೈಲ್‌ನಲ್ಲಿ ಇರಲಿ.

ಊರು ಮುಟ್ಟಿದ ಮೇಲೆ

ರೈಲು ನಿಲ್ದಾಣದ ಎದುರಿಗೇ ಮೆಟ್ರೊ ಇದ್ದರೂ ನಾಯಿಗೆ ಪ್ರವೇಶವಿಲ್ಲ. ಆಟೊದವರನ್ನು ಒಪ್ಪಿಸಬೇಕು, ಇಲ್ಲವೇ ಮಗನಿಗೆ ಗಾಡಿ ತರಲು ಹೇಳಬೇಕು. ಲಾಲ್‌ಬಾಗ್‌ಗೆ ಬಿಡುವುದಿಲ್ಲ. ಕಬ್ಬನ್ ಪಾರ್ಕ್‌ಗೆ ಸರಪಳಿ ಹಾಕಿ ಒಯ್ಯಬಹುದು, ಅಲ್ಲಿ ನಾಯಿಗಳಿಗೆಂದೇ ಒಂದು ಜಾಗವೂ ಇದೆ. ಲಾಡ್ಜ್‌ನಲ್ಲಿ ಇಳಿಯುವವರು ಫೋನಿನಲ್ಲಿ ಮೊದಲೇ ಕೇಳಬೇಕು.

ಮಗನ ಮನೆ ಅಪಾರ್ಟ್‌ಮೆಂಟಿನಲ್ಲಿದ್ದರೆ ‘ನಮ್ಮಲ್ಲಿ ನಾಯಿ ಬಿಡುವುದಿಲ್ಲ’ ಎಂದು ಸಂಘದವರು ಹೇಳಿದ್ದಾರೆ ಎಂಬ ಮಾತು ಬರಬಹುದು. ಸಾಕುನಾಯಿಯನ್ನು ನಿಷೇಧಿಸುವ, ಲಿಫ್ಟ್ ಬಳಸಬಾರದೆನ್ನುವ ಅಧಿಕಾರ ಸಂಘಕ್ಕಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಹಾಗೆಂದು ಅತಿಥಿಯಾಗಿ ಹೋದವರು ಸುತ್ತೋಲೆ ಹಿಡಿದು ಜಗಳಕ್ಕೆ ನಿಲ್ಲುವುದಕ್ಕಿಂತ ಜನ ಕಡಿಮೆ ಇರುವ ಹೊತ್ತು ನೋಡಿ ಲಿಫ್ಟ್ ಹತ್ತುವುದು, ನಾಯಿ ಮಾಡಿದ್ದನ್ನು ಹಳೆ ಪೇಪರಿನಲ್ಲಿ ಎತ್ತುವುದು ಮಗನ ನೆರೆಹೊರೆಗೆ ಒಳ್ಳೆಯದು.

ಬೆಟಗೇರಿಯ ಓಣಿಯಲ್ಲಿ ಮಗ್ಗದ ಸದ್ದಿಗೆ ಒಗ್ಗಿ ನಿದ್ದೆ ಮಾಡುವ ನಾಯಿ ಲಿಫ್ಟಿನ ಬಾಗಿಲು ಮುಚ್ಚಿದಾಗ ನಡುಗಬಹುದು. ಬೇಕೆಂದಾಗ ಹೊರಗೆ ಹೋಗಿ ಬರುತ್ತಿದ್ದುದಕ್ಕೆ ಈಗ ಐದಾರು ತಾಸಿಗೊಮ್ಮೆ ಯಾರಾದರೂ ಕೆಳಗೆ ಕರೆದೊಯ್ಯಬೇಕು. ಮೇಲಂತಸ್ತಿನ ಬಾಲ್ಕನಿಗೆ ಜಾಳಿಗೆ ಇಲ್ಲದಿದ್ದರೆ ಬಾಗಿಲು ಹಾಕಿಯೇ ಇರಲಿ. ದೀಪಾವಳಿಗೆ ಹೋಗುವವರು ನಾಯಿಯನ್ನು ಒಯ್ಯಲೇಬೇಡಿ.

ಯಾರಿಗಾದರೂ ಕಚ್ಚಿದರೆ, ನಿಮ್ಮ ನಾಯಿಗೆ ಲಸಿಕೆ ಆಗಿದ್ದರೂ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಆಸ್ಪತ್ರೆಗೆ ಕರೆದೊಯ್ಯಿರಿ. ಅರಿಶಿನ, ಸುಣ್ಣ, ಖಾರಪುಡಿ ಹಚ್ಚಬಾರದು. ಬೀದಿನಾಯಿ ನಿಮ್ಮ ನಾಯಿಗೆ ಕಚ್ಚಿದರೆ ಅದೇ ದಿನ ಪಶುವೈದ್ಯರಿಗೆ ತೋರಿಸಿ.

ಬಿಟ್ಟು ಹೋಗುವುದಾದರೆ

ನಾಲ್ಕೈದು ದಿನದ ಪ್ರವಾಸವಾದರೆ ನಾಯಿ ಊರಲ್ಲೇ ಇರುವುದು ಅದಕ್ಕೂ ಸುಖ, ನಿಮಗೂ ಸುಖ. ದಿನಾ ಕಾಣುವ ಪಕ್ಕದ ಮನೆಯವರು ಎರಡು ಹೊತ್ತು ಊಟ ಹಾಕಿ, ಬಿಚ್ಚಿ ಅಡ್ಡಾಡಿಸಿದರೆ ಸಾಕು. ಅಂಗಡಿ ಕಾಯುವ ನಾಯಿಗೆ ಇದು ಇನ್ನೂ ಮುಖ್ಯ. ಶಟರ್ ಎಳೆದು, ಕಟ್ಟೆಯ ಮೇಲೆ ಕಟ್ಟಿ, ‘ಯಾರಾದರೂ ಹಾಕ್ತಾರ’ ಎಂದು ಊರಿಗೆ ಹೋಗುವ ವ್ಯಾಪಾರಸ್ಥರು ಇದ್ದಾರೆ. ಅನ್ನ-ನೀರಿಲ್ಲದೆ ಕಟ್ಟಿಹಾಕುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ ಮಾತ್ರ, ಒಂದು ಪ್ಲೇಟ್ ಗಿರ್ಮಿಟ್‌ನ ರೊಕ್ಕ. ಎದುರಿನ ಅಂಗಡಿಯವರ ಕೈಯಲ್ಲಿ ಹಿಟ್ಟು, ಹಾಲಿನ ದುಡ್ಡು, ಲಸಿಕೆ ಕಾರ್ಡು, ನಿಮ್ಮ ಫೋನ್ ನಂಬರ್ ಕೊಟ್ಟು ಹೋಗಿ.

ಕರೆದುಕೊಂಡು ಹೋದವರು ವಾಪಸ್ ಬಂದ ದಿನ ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಉಣ್ಣೆ ಹತ್ತಿದೆಯೇ ನೋಡಬೇಕು. ವಾರದೊಳಗೆ ಊಟ ಬಿಟ್ಟು ಮಂಕಾಗಿ ಮಲಗಿದರೆ ‘ದಣಿವು ಇರಬೇಕು’ ಎಂದು ಕಾಯದೆ ಪಶು ಆಸ್ಪತ್ರೆಗೆ ಒಯ್ಯಿರಿ. ಉಣ್ಣೆಯಿಂದ ಬರುವ ಜ್ವರ ಶುರುವಾಗುವುದೂ ಹೀಗೆಯೇ.