ಸರ್ಬಿಯದ ಸಾಮ್ರಾಟ ಡೂಶಾನ್

ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ, ಯೂರೋಪಿನ ಆಗ್ನೇಯ ಮೂಲೆಯ ಬಾಲ್ಕನ್ ಬೆಟ್ಟಗಳ ನಡುವೆ ಸರ್ಬಿಯ ಒಂದು ಮಧ್ಯಮ ಗಾತ್ರದ ರಾಜ್ಯ. ಉತ್ತರಕ್ಕೆ ಹಂಗರಿ, ಪೂರ್ವಕ್ಕೆ ಬಲ್ಗೇರಿಯ, ದಕ್ಷಿಣಕ್ಕೆ ಸಾವಿರ ವರ್ಷಗಳ ಕೀರ್ತಿಯ ಬೈಜಾಂಟಿಯಂ ಸಾಮ್ರಾಜ್ಯ. ಈ ಮೂವರ ನಡುವೆ ಇದ್ದ ರಾಜ್ಯ ಹದಿನೈದೇ ವರ್ಷಗಳಲ್ಲಿ ಸಾಮ್ರಾಜ್ಯವಾದದ್ದು ಹೇಗೆ?

1330ರಲ್ಲಿ ವೆಲ್ಬುಜ್ದ್ ಎಂಬಲ್ಲಿ ಸರ್ಬಿಯದ ಸೇನೆ ಬಲ್ಗೇರಿಯವನ್ನು ಸೋಲಿಸಿತು. ಆ ಕಾಳಗದಲ್ಲಿ ಹೆಸರು ಗಳಿಸಿದವನು ಯುವರಾಜ ಸ್ಟೆಫಾನ್ ಡೂಶಾನ್. ಮರುವರ್ಷವೇ ಅವನು ತಂದೆಯನ್ನು ಪದಚ್ಯುತಗೊಳಿಸಿ ತಾನೇ ಪಟ್ಟವೇರಿದನು. ತಂದೆ ಸೆರೆಯಲ್ಲಿಯೇ ಮಡಿದನು. ನಾಡಿನ ಬೆಳ್ಳಿಯ ಗಣಿಗಳಿಂದ ಬೊಕ್ಕಸ ತುಂಬುತ್ತಿತ್ತು. ಆ ಹಣದಿಂದ ಜರ್ಮನ್ ಕೂಲಿಸೈನಿಕರನ್ನೂ ಇಟ್ಟುಕೊಳ್ಳುವುದು ಸಾಧ್ಯವಾಯಿತು.

ಆದರೆ ಅವನಿಗೆ ದಾರಿ ತೆರೆದುಕೊಟ್ಟದ್ದು ನೆರೆಮನೆಯ ಜಗಳ. 1341ರಲ್ಲಿ ಬೈಜಾಂಟಿಯಂ ಚಕ್ರವರ್ತಿ ತೀರಿಕೊಂಡಾಗ ಉತ್ತರಾಧಿಕಾರಿ ಒಂಬತ್ತು ವರ್ಷದ ಬಾಲಕ. ಅಧಿಕಾರಕ್ಕಾಗಿ ಅಂತರ್ಯುದ್ಧ ಹತ್ತಿತು. ಒಂದು ಪಕ್ಷದ ನಾಯಕ ಕಾಂಟಕುಜೀನಸ್ 1342ರಲ್ಲಿ ಡೂಶಾನನಲ್ಲಿಗೇ ಆಶ್ರಯ ಬೇಡಿ ಬಂದನು. ಡೂಶಾನ್ ಮೊದಲು ಅವನಿಗೆ ನೆರವಾದನು. ಆಮೇಲೆ ಎದುರು ಪಕ್ಷಕ್ಕೆ ಹೊರಳಿದನು. ಇಬ್ಬರೂ ಬಡಿದಾಡುತ್ತಿರುವಾಗ ಮ್ಯಾಸಿಡೋನಿಯದ ಊರುಗಳನ್ನು ಒಂದೊಂದಾಗಿ ಕಬಳಿಸಿದನು. ಬಯಲಿನ ಮಹಾಯುದ್ಧಗಳಿಗಿಂತ ಮುತ್ತಿಗೆಯೇ ಅವನ ಮುಖ್ಯ ಆಯುಧ. 1345ರಲ್ಲಿ ಸೆರೆಸ್ ಕೋಟೆ ವಶವಾಯಿತು. 1346ರ ಏಪ್ರಿಲ್ 16ರಂದು, ಈಸ್ಟರ್ ಹಬ್ಬದ ದಿನ, ಸ್ಕೋಪ್ಯೆ ನಗರದಲ್ಲಿ ಅವನು ಸಾಮ್ರಾಟನಾಗಿ ಕಿರೀಟ ಧರಿಸಿದನು. 1348ರ ವೇಳೆಗೆ ಎಪಿರಸ್, ಥೆಸಲಿ ಪ್ರಾಂತಗಳೂ ಸೇರಿ, ರಾಜ್ಯ ಡಾನ್ಯೂಬಿನಿಂದ ಕೊರಿಂಥ್ ಕೊಲ್ಲಿಯ ಹತ್ತಿರದವರೆಗೆ ಹಬ್ಬಿತು.

ಕತ್ತಿಯಿಂದ ಗೆದ್ದುದನ್ನು ಕತ್ತಿಯೊಂದರಿಂದಲೇ ಆಳಲಾಗದೆಂದು ಅವನು ಅರಿತಿದ್ದನು. 1349ರಲ್ಲಿ ಹೊರಡಿಸಿ 1354ರಲ್ಲಿ ವಿಸ್ತರಿಸಿದ ಅವನ ಶಾಸನಸಂಹಿತೆಯಲ್ಲಿ ಒಂದು ವಿಧಿ ಉಂಟು: ಸಾಮ್ರಾಟನ ಪತ್ರವೇ ಕಾನೂನಿಗೆ ವಿರುದ್ಧವಾಗಿದ್ದರೆ ನ್ಯಾಯಾಧೀಶರು ಅದನ್ನು ಮನ್ನಿಸಬಾರದು. ತಂದೆಯನ್ನು ಸೆರೆಗೆ ನೂಕಿದ ದೊರೆಯ ಆಳಿಕೆಯಲ್ಲಿ ಇಂಥ ಮಾತು ಬಂದದ್ದು ಸೋಜಿಗವೇ ಸರಿ.

ಕಾನ್‌ಸ್ಟಾಂಟಿನೋಪಲ್ ಮಾತ್ರ ಕೈಗೆ ಸಿಗಲಿಲ್ಲ. ಕಡಲ ದಂಡೆಯ ಆ ನಗರವನ್ನು ಹಡಗುಗಳಿಲ್ಲದೆ ಗೆಲ್ಲುವಂತಿರಲಿಲ್ಲ. ವೆನಿಸ್ ತನ್ನ ನೌಕಾಬಲವನ್ನು ಕೊಡಲೊಪ್ಪಲಿಲ್ಲ. 1355ರ ಡಿಸೆಂಬರಿನಲ್ಲಿ ಡೂಶಾನ್ ತೀರಿಕೊಂಡನು. ಮಗ ಉರೋಶ್ ಕಾಲದಲ್ಲಿ ಸಾಮಂತರು ತಮ್ಮ ತಮ್ಮ ಪಾಲು ಹಂಚಿಕೊಂಡರು. 1371ರಲ್ಲಿ ಮರಿತ್ಸಾ ನದಿಯ ಬಳಿ ತುರ್ಕರು ಅವರಲ್ಲಿ ಪ್ರಬಲರಾದವರನ್ನು ಸದೆಬಡಿದರು. ಅದೇ ವರ್ಷ ಉರೋಶನೂ ಸಂತಾನವಿಲ್ಲದೆ ಮಡಿದನು. ನೆರೆಯವರ ಒಡಕಿನಲ್ಲಿ ಬೆಳೆದ ಸಾಮ್ರಾಜ್ಯ ತನ್ನವರ ಒಡಕಿನಲ್ಲಿಯೇ ಮುಗಿಯಿತು. ಉಳಿದದ್ದು ಆ ಶಾಸನಸಂಹಿತೆ.