ಪೊಟ್ಟಲಕೆರೆ: ಗಡಿನಾಡಿನ ಒಂದು ರಾಜಧಾನಿ

ಅಮೆರಿಕದ ಜನಸ್ವಭಾವವು ರೂಪುಗೊಂಡುದು ಪಶ್ಚಿಮದ ಗಡಿನಾಡಿನಲ್ಲೆಂದು ಫ್ರೆಡರಿಕ್ ಜಾಕ್ಸನ್ ಟರ್ನರ್ ಎಂಬ ಇತಿಹಾಸಕಾರನು 1893ರಲ್ಲಿ ವಾದಿಸಿದನು. ಗಡಿಯಾಚೆಯ ನೆಲವನ್ನು ಬರಿದೆಂದು ಬಗೆದು, ಅಲ್ಲಿ ಮೊದಲೇ ಬಾಳಿದ್ದ ಮೂಲನಿವಾಸಿಗಳನ್ನು ಕಡೆಗಣಿಸಿದುದು ಆ ವಾದದ ದೊಡ್ಡ ಕುಂದು. ಗಡಿಯೆಂಬುದು ಹಲವು ಜನಗಳು ಕೂಡುವ ತಾಣವೆಂಬುದಕ್ಕೆ ಹೈದರಾಬಾದಿನ ವಾಯವ್ಯದಲ್ಲಿರುವ ಪಟಾನ್‌ಚೆರುವಿನ ಪೂರ್ವವೃತ್ತಾಂತವು ಒಳ್ಳೆಯ ನಿದರ್ಶನವಾಗಿದೆ.

ಶಾಸನಗಳ ಪೊಟ್ಟಲಕೆರೆಯೇ ಇಂದಿನ ಪಟಾನ್‌ಚೆರು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಊರ ಹೆಸರಿನ ಕೊನೆಯಲ್ಲಿದ್ದ ಕನ್ನಡದ ‘ಕೆರೆ’ಯ ಎಡೆಯಲ್ಲಿ ಅದೇ ಅರ್ಥದ ತೆಲುಗಿನ ‘ಚೆರುವು’ ನಿಂತಿರುವುದು ಗಮನಾರ್ಹ. ಸುಮಾರು 1015ರಿಂದ 1042ರವರೆಗೆ ಆಳಿದ ಚಾಲುಕ್ಯ ಎರಡನೆಯ ಜಯಸಿಂಹ ಜಗದೇಕಮಲ್ಲನಿಗೆ ಇದು ನೆಲೆವೀಡಾಗಿತ್ತು. ಆಗಿನ್ನೂ ರಾಜಧಾನಿಯು ಮಾನ್ಯಖೇಟದಿಂದ ಕಲ್ಯಾಣಕ್ಕೆ ಸಾಗಿರಲಿಲ್ಲ; ಪೂರ್ವದ ವೆಂಗಿಯಲ್ಲಿ ಚೋಳರ ಕೈ ಬಲವಾಗಿತ್ತು. ಅತ್ತ ಕಣ್ಣಿಡಬೇಕಾದ ಅರಸನಿಗೆ ಇಂಥ ಪೂರ್ವದ ಬೀಡು ಅನುಕೂಲವಾದುದು ಸಹಜ. ಇದೇ ಅರಸನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು 1031ರಲ್ಲಿ ಕನ್ನಡ ಪಂಚತಂತ್ರವನ್ನು ರಚಿಸಿದನು.

ಪಾಲ್ಕುರಿಕಿ ಸೋಮನಾಥನ ತೆಲುಗು ಬಸವಪುರಾಣವನ್ನು 1369ರಲ್ಲಿ ಭೀಮಕವಿ ಕನ್ನಡಕ್ಕೆ ತಂದನು. ಆ ಪುರಾಣಪರಂಪರೆಯಲ್ಲಿ ರಾಣಿ ಸುಗ್ಗಲದೇವಿಯ ಗುರು ದಾಸಿಮಯ್ಯನು ಜೈನರನ್ನು ವಾದದಲ್ಲಿ ಗೆದ್ದು, ಅರಸನನ್ನು ಶೈವಕ್ಕೆ ತಂದನೆಂಬ ಕಥೆಯಿದೆ. ಬಸದಿಗಳು ಅಳಿದುವೆಂದೂ ಅದು ಸಾರುತ್ತದೆ. ಭಕ್ತರ ವಿಜಯವನ್ನು ಹಾಡುವ ಪುರಾಣವನ್ನು ಶಾಸನದಂತೆ ಓದಲಾಗದು. ಅರಸನ ಕಾಲಕ್ಕೂ ಭೀಮಕವಿಯ ಕಥನಕ್ಕೂ ನಡುವೆ ಮೂರು ಶತಮಾನಗಳಿಗೂ ಮಿಕ್ಕ ಅಂತರವಿದೆ.

ಈ ಕಥೆಯನ್ನು ಒರೆಗೆ ಹಚ್ಚಲು ಬ್ರಹ್ಮಶಿವನು ನೆರವಾಗುತ್ತಾನೆ. ಜೈನರಲ್ಲದವರ ಆಚರಣೆಗಳನ್ನು ಕಟುವಾಗಿ ಟೀಕಿಸುವ ‘ಸಮಯಪರೀಕ್ಷೆ’ಯ ಕರ್ತೃವಾದ ಈತನು ಪೊಟ್ಟಲಕೆರೆಯವನೆಂದು ಸಾಹಿತ್ಯಚರಿತ್ರಕಾರರು ಹೇಳುತ್ತಾರೆ, ಈತನ ಕಾಲ ಹನ್ನೆರಡನೆಯ ಶತಮಾನ. ಶೈವನಾಗಿದ್ದು ಜೈನನಾದವನು ಈತ! ಜಯಸಿಂಹನ ತರುವಾಯ ಜೈನರು ಇಲ್ಲಿ ಹೆಸರಿಲ್ಲದಂತಾಗಿದ್ದರೆ ಇಂಥ ಕವಿಯು ಈ ಊರಿನಿಂದ ಹೊರಡುವುದು ಹೇಗೆ? ಪಟಾನ್‌ಚೆರುವಿನಲ್ಲಿ ದೊರೆತ ಜಿನಬಿಂಬಗಳೂ ಆ ಮತದ ನೆಲೆಯನ್ನು ಸಾರುತ್ತವೆ. ಆದುದರಿಂದ ಮತಾಂತರವು ಎರಡು ದಿಕ್ಕಿಗೂ ಹರಿಯುತ್ತಿದ್ದಿತು, ವಾದವು ಒಂದೇ ದಿನದಲ್ಲಿ ಮುಗಿದುದಲ್ಲ ಎನ್ನುವುದು ಯುಕ್ತ.

1956ರಲ್ಲಿ ಹೈದರಾಬಾದು ಸಂಸ್ಥಾನವು ಭಾಷೆಯನ್ನನುಸರಿಸಿ ಹಂಚಿಹೋಯಿತು. ಪಟಾನ್‌ಚೆರು ತೆಲುಗು ನಾಡಿಗೆ ಸೇರಿತು. ಆಡಳಿತಕ್ಕೆ ಅಂಥ ಗೆರೆ ಅವಶ್ಯಕ. ಆದರೆ ಅದನ್ನು ಹನ್ನೊಂದನೆಯ ಶತಮಾನದ ಮೇಲೆ ಎಳೆದು, ಈ ಊರು ಒಂದೇ ನುಡಿಯದೆಂದು ಸಾಧಿಸಹೊರಡುವುದು ಟರ್ನರನ ತಪ್ಪನ್ನೇ ಮರಳಿ ಮಾಡಿದಂತೆ. ಹೊಟ್ಟೆಪಾಡಿಗೆ ಈ ನಗರಕ್ಕೆ ಬಂದ ಕನ್ನಡಿಗರಿಗೆ ಪೊಟ್ಟಲಕೆರೆಯು ಹಕ್ಕಿನ ಪತ್ರವಲ್ಲ. ನೆರೆಯವರೊಡನೆ ಹಂಚಿಕೊಂಡು ಉಣ್ಣಬೇಕಾದ ಹಿರಿಯರ ಸೊತ್ತು.